ಆಕಾಶದಿಂದ ಆನೆ ಎಣಿಸುವ ಮೊದಲು: ಕಾಸರಗೋಡಿನ ಆಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕಾಸರಗೋಡು ವಿಭಾಗೀಯ ಅರಣ್ಯಾಧಿಕಾರಿಗಳಿಗೆ, ಕಾರಡ್ಕ ಬ್ಲಾಕ್ ಪಂಚಾಯತಿಗೆ, ಹಾಗೂ ದೇಲಂಪಾಡಿ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು, ಬೇಡಡ್ಕ, ಕುತ್ತಿಕೋಲು ಗ್ರಾಮ ಪಂಚಾಯತುಗಳ ಆಡಳಿತ ಸಮಿತಿಗಳಿಗೆ

ಮಾನ್ಯರೇ,

ಅಡಿಕೆ ತೋಟಕ್ಕೆ ಆನೆ ಇಳಿದ ಮರುದಿನ ಎಲ್ಲಿ ನಾಲ್ಕು ಜನ ಸೇರಿದರೂ ಈಗ ಒಂದು ಮಾತು ಬಂದೇ ಬರುತ್ತದೆ. ಥರ್ಮಲ್ ಕ್ಯಾಮೆರಾದ ಡ್ರೋನ್ ತರಿಸಿ, ಕಾಡಿನಲ್ಲಿ ಎಷ್ಟು ಆನೆ, ಎಷ್ಟು ಕಾಟಿ (ಕಾಡುಕೋಣ), ಎಷ್ಟು ಹಂದಿ ಇವೆಯೆಂದು ಮೇಲಿನಿಂದಲೇ ಲೆಕ್ಕ ಹಾಕಿ ಅಂತ. ಈ ಬೇಡಿಕೆಗೆ ನಮ್ಮ ವಿರೋಧವಿಲ್ಲ. ಆದರೆ ಟೆಂಡರ್ ಕರೆಯುವ ಮೊದಲು ಈ ಯಂತ್ರ ನಮ್ಮ ನೆಲದಲ್ಲಿ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಸಾರ್ವಜನಿಕವಾಗಿ ಚರ್ಚಿಸಬೇಕು. ಅದಕ್ಕಾಗಿ ಈ ಪತ್ರ.

ಥರ್ಮಲ್ ಸಮೀಕ್ಷೆ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳು ಅಡಗಿವೆ. ಒಂದು, ಈ ಹೊತ್ತಿಗೆ ಹಿಂಡು ಎಲ್ಲಿದೆ ಎಂದು ಹುಡುಕುವುದು. ಇನ್ನೊಂದು, ಈ ಪ್ರದೇಶದಲ್ಲಿ ಒಟ್ಟು ಎಷ್ಟು ಪ್ರಾಣಿಗಳಿವೆ ಎಂದು ಅಂದಾಜಿಸುವುದು. ಮೊದಲನೆಯದಕ್ಕೆ ಒಂದು ಪ್ರಾಣಿ ಕಂಡರೂ ಸಾಕು, ತಂಡ ಆ ಕಡೆ ಹೋಗಬಹುದು. ಎರಡನೆಯದಕ್ಕೆ ಕಂಡವುಗಳಿಗಿಂತ ಕಾಣದವುಗಳ ಲೆಕ್ಕವೇ ಮುಖ್ಯ. ಕಾಸರಗೋಡಿನಲ್ಲಿ ಡ್ರೋನ್ ಮೊದಲನೆಯ ಕೆಲಸವನ್ನು ಕೆಲವು ಜಾಗಗಳಲ್ಲಿ, ಕೆಲವು ಹೊತ್ತಿನಲ್ಲಿ ಚೆನ್ನಾಗಿಯೇ ಮಾಡುತ್ತದೆ. ಎರಡನೆಯದನ್ನು ತಿದ್ದುಪಡಿಯ ಲೆಕ್ಕವಿಲ್ಲದೆ ಮಾಡಲಾರದು. ದಟ್ಟ ಕಾಡಿನೊಳಗಂತೂ ತಿದ್ದುಪಡಿ ಹಾಕಿದರೂ ಆಗದು. ಇದಿಷ್ಟನ್ನು ಒಪ್ಪಿಕೊಂಡು ಹೊರಟರೆ ಮಿಕ್ಕಿದ್ದೆಲ್ಲ ತಾಂತ್ರಿಕ ವಿವರ.

ಥರ್ಮಲ್ ಕ್ಯಾಮೆರಾ ಕಾಣುವುದು ಬೆಳಕನ್ನಲ್ಲ, ವಸ್ತುವಿನ ಮೇಲ್ಮೈ ಹೊರಸೂಸುವ ಶಾಖ ವಿಕಿರಣವನ್ನು. ಡ್ರೋನಿಗೆ ಕಟ್ಟುವ ಸಾಮಾನ್ಯ ಕ್ಯಾಮೆರಾ ಸುಮಾರು 8ರಿಂದ 14 ಮೈಕ್ರೊಮೀಟರ್ ತರಂಗಾಂತರದಲ್ಲಿ ಕೆಲಸ ಮಾಡುತ್ತದೆ. ಮೇಲ್ಮೈ ಎಂಬ ಪದವನ್ನು ದಯವಿಟ್ಟು ಗಮನಿಸಿ. ಅದು ಎಲೆಯ ಒಳಗೆ ನೋಡುವುದಿಲ್ಲ, ಮಾಡಿನ ಕೆಳಗೆ ನೋಡುವುದಿಲ್ಲ. ಒಂದೇ ಒಂದು ಎಲೆ ಅಡ್ಡ ಬಂದರೂ ಕ್ಯಾಮೆರಾಕ್ಕೆ ಕಾಣುವುದು ಆ ಎಲೆಯ ಉಷ್ಣತೆ ಮಾತ್ರ. ಹಸಿರು ಮುಚ್ಚಿದ ಕಾಡಿನ ಮೇಲೆ ಹಾರಿ ಪ್ರಾಣಿ ಎಣಿಸುವುದು ಜಾತ್ರೆಯ ಮಳೆಯಲ್ಲಿ ಕೊಡೆಗಳ ಮೇಲಿನಿಂದ ನೋಡಿ ಜನ ಎಣಿಸಿದ ಹಾಗೆ. ಶಾಖ ಎಲೆಯನ್ನು ತೂರಿ ಬರುತ್ತದೆ ಎಂದು ಮಾರಾಟಗಾರರ ಕಡೆಯವರು ಹೇಳಿದರೆ ಅವರ ಕೈಗೆ ಒಂದು ಹಲಸಿನ ಎಲೆ ಕೊಟ್ಟು, ಮುಖಕ್ಕೆ ಅಡ್ಡ ಹಿಡಿಯಲು ಹೇಳಿ, ಅವರದೇ ಕ್ಯಾಮೆರಾದಲ್ಲಿ ನೋಡಿ.

ಹೊರದೇಶದ ಯಶಸ್ಸಿನ ಕತೆಗಳನ್ನೂ ಇದೇ ಕಣ್ಣಿನಿಂದ ಓದಬೇಕು. ವಿಮಾನದಿಂದ ಶಾಖಚಿತ್ರ ತೆಗೆದು ಜಿಂಕೆ ಎಣಿಸುವ ಪ್ರಯತ್ನ ಹೊಸದೇನಲ್ಲ, ಅಮೆರಿಕದ ಮಿಶಿಗನ್‌ನಲ್ಲಿ ನಡೆದ ಪ್ರಯೋಗದ ವರದಿ 1968ರಲ್ಲೇ ಪ್ರಕಟವಾಗಿತ್ತು. ಬೇರಿಂಗ್ ಸಮುದ್ರದ ಮಂಜುಗಡ್ಡೆಯ ಮೇಲೆ ಮಲಗಿದ ಸೀಲ್‌ಗಳನ್ನು, ಅಲಾಸ್ಕಾದಲ್ಲಿ ಹಿಮದಡಿಯ ಹಿಮಕರಡಿ ಗುಹೆಗಳನ್ನು ವಿಮಾನದಿಂದ ಹುಡುಕಿದ್ದಾರೆ. ಅಲ್ಲಿ ಮೂರು ಅನುಕೂಲಗಳಿವೆ: ನೆಲ ತಣ್ಣಗೆ, ಮರಕ್ಕೆ ಎಲೆಯಿಲ್ಲ ಅಥವಾ ಮರವೇ ಇಲ್ಲ, ಗಾಳಿ ಒಣ. ನಮ್ಮಲ್ಲಿ ಈ ಮೂರೂ ತಿರುವುಮುರುವು. ದೊಡ್ಡ ವಿಮಾನಗಳಲ್ಲಿ ಬಳಸುವುದು ಬಹುಪಾಲು 3ರಿಂದ 5 ಮೈಕ್ರೊಮೀಟರಿನ, ಒಳಗೇ ಶೈತ್ಯಯಂತ್ರ ಇರುವ ಕ್ಯಾಮೆರಾ. ಅದರ ಉದ್ದ ಲೆನ್ಸಿನಿಂದ ನೂರಾರು ಮೀಟರ್ ಮೇಲಿನಿಂದಲೂ ವಿವರ ಸಿಗುತ್ತದೆ. ಅದೂ ಎಲೆ ದಾಟುವುದಿಲ್ಲ. ಹೆಚ್ಚು ಹಣ ಕೊಟ್ಟರೆ ಕಾಡಿನೊಳಗೆ ಕಂಡೀತು ಎಂಬ ಆಸೆ ಬೇಡ. ಕ್ವೀನ್ಸ್‌ಲ್ಯಾಂಡಿನ ಕೋಆಲಾ, ಮಲೇಶಿಯಾದ ಸಬಾದ ಒರಾಂಗುಟಾನ್ ಡ್ರೋನಿಗೆ ಸಿಕ್ಕಿದ್ದು ಅವು ಮರದ ಮೇಲೆ ಇರುವ ಪ್ರಾಣಿಗಳಾದ್ದರಿಂದ. ಆ ಲೆಕ್ಕದಲ್ಲಿ ನಮ್ಮಲ್ಲಿ ಡ್ರೋನಿಗೆ ಸುಲಭವಾಗಿ ಸಿಗಬೇಕಾದದ್ದು ಆನೆಯಲ್ಲ, ತೆಂಗಿನ ಬೊಂಡ ಕಿತ್ತು ಬಿಸಾಡುವ ಮಂಗಗಳು. ಅವು ರಾತ್ರಿ ಮರದ ಮೇಲ್ಭಾಗದಲ್ಲಿ ಗುಂಪಾಗಿ ಮಲಗುತ್ತವೆ. ಮಂಗಗಳ ಉಪದ್ರವದ ಬಗ್ಗೆ ಅಷ್ಟೊಂದು ಅರ್ಜಿಗಳಿದ್ದರೂ ಥರ್ಮಲ್ ಸಮೀಕ್ಷೆಯ ಮಾತಿನಲ್ಲಿ ಅವುಗಳ ಹೆಸರೇ ಬರದಿರುವುದು ವಿಚಿತ್ರ.

ಇನ್ನು ನಮ್ಮ ನೆಲ. ಕಾರಡ್ಕ, ಆದೂರು ಕಡೆಯ ರಕ್ಷಿತಾರಣ್ಯದ ಒಳಗೆ, ಮೇಲಿನ ಕೊಂಬೆಗಳು ಕೂಡಿಕೊಂಡ ಕಡೆ, ಡ್ರೋನ್ ಹಾರಿಸಿ ಎಣಿಕೆ ಮಾಡುವುದು ವ್ಯರ್ಥ. ಗೇರು ತೋಟಗಳೂ ಹೆಚ್ಚುಕಡಿಮೆ ಹಾಗೆಯೇ. ಗೇರುಮರ ನೆಲಕ್ಕೆ ತಾಗುವಷ್ಟು ಹರಡಿ ನಿಲ್ಲುತ್ತದೆ, ಅದರಡಿಯ ಪೊದೆಯಲ್ಲಿ ಹಂದಿ ಹಗಲಿಡೀ ಮಲಗಿದ್ದರೂ ಮೇಲಿನಿಂದ ಗೊತ್ತಾಗದು. ಅಡಿಕೆ ತೋಟ ನಡುವಿನ ಸ್ಥಿತಿ: ಸೋಗೆಗಳ ನಡುವೆ ಸಂದುಗಳಿವೆ, ಡ್ರೋನ್ ಮುಂದೆ ಸರಿದಂತೆ ಪ್ರಾಣಿ ಮಿಂಚಿ ಮರೆಯಾಗಿ ಮತ್ತೆ ಮಿಂಚುತ್ತದೆ. ಬಿಡಿಬಿಡಿ ಫೋಟೊ ತೆಗೆದರೆ ತಪ್ಪಿಹೋಗುತ್ತದೆ, ವಿಡಿಯೊದಲ್ಲಿ ಸಿಗುತ್ತದೆ. ಒಳಗೆ ಕೊಕ್ಕೊ ಹಾಕಿದ ತೋಟವಾದರೆ ಆ ಸಂದೂ ಮುಚ್ಚಿಹೋಗುತ್ತದೆ. ಬೈಲಿನ ಗದ್ದೆ, ಕೊಯ್ಲಾದ ಬೆಟ್ಟು, ಮುಳಿಹುಲ್ಲಿನ ಪದವು (ಗುಡ್ಡೆಯ ಮೇಲಿನ ಸಪಾಟು ಬಯಲು), ತೋಡಿನ ಬದಿ, ಇವು ಒಳ್ಳೆಯ ಜಾಗಗಳು. ರಬ್ಬರ್ ತೋಟದ ಸಂಗತಿ ಕುತೂಹಲದ್ದು. ವರ್ಷದ ಹೆಚ್ಚಿನ ಕಾಲ ಅದು ಮುಚ್ಚಿದ ಚಪ್ಪರ. ಡಿಸೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಎಲೆ ಉದುರಿ ಬೋಳಾಗುತ್ತದೆ, ಆ ಕೆಲವೇ ವಾರಗಳಲ್ಲಿ ಗುಡ್ಡೆಗೆ ಗುಡ್ಡೆಯೇ ಕ್ಯಾಮೆರಾಕ್ಕೆ ತೆರೆದುಕೊಳ್ಳುತ್ತದೆ. ಹೊಸ ಚಿಗುರು ಬಲಿತರೆ ಮತ್ತೆ ಮುಚ್ಚಿತು. ಮಾರ್ಚ್ 31ರೊಳಗೆ ಹಣ ಖರ್ಚಾಗಬೇಕೆಂದು ಮಾರ್ಚಿನಲ್ಲಿ ಹಾರಾಟ ಇಟ್ಟುಕೊಂಡರೆ ಈ ಅವಕಾಶ ಕೈತಪ್ಪಿ ಹೋಗಿರುತ್ತದೆ.

ಹೊತ್ತಿನ ವಿಷಯದಲ್ಲಿ ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಹೇಳಿದ್ದೇ ಕಾನೂನು. ಹಗಲಿಡೀ ಕಾದ ಪಾರೆ ಸೂರ್ಯ ಮುಳುಗಿದ ಮೇಲೂ ಗಂಟೆಗಟ್ಟಲೆ ಬಿಸಿ ಬಿಡುತ್ತಲೇ ಇರುತ್ತದೆ. ರಾತ್ರಿ 8 ಗಂಟೆಗೆ ಪದವಿನ ಮೇಲೆ ಡ್ರೋನ್ ಬಿಟ್ಟರೆ ಚಿತ್ರದ ತುಂಬ ಬಿಳಿ ಚುಕ್ಕೆಗಳು, ಪ್ರತಿ ಕಲ್ಲೂ ಹಂದಿ. ಮುಂಜಾನೆ 4ರ ಹೊತ್ತಿಗೆ ಕಲ್ಲು, ಮಣ್ಣು, ಹುಲ್ಲು ತಣಿದಿರುತ್ತವೆ, ಪ್ರಾಣಿಯ ಮೈ ಮಾತ್ರ ಬೆಚ್ಚಗೆ ಎದ್ದು ಕಾಣುತ್ತದೆ. ಜನವರಿಯಲ್ಲಿ ಇಲ್ಲಿ ಸೂರ್ಯೋದಯ 7 ಗಂಟೆಗೆ ಸ್ವಲ್ಪ ಮುಂಚೆ. ಆದ್ದರಿಂದ 4ರಿಂದ 6.30ರ ಎರಡೂವರೆ ಗಂಟೆಯೇ ನಮ್ಮ ಕೆಲಸದ ಹೊತ್ತು. ಬಿಸಿಲು ಬಿದ್ದ ಮೇಲೆ ಹುತ್ತ, ಬೋಳು ಬಂಡೆ, ಮರದ ಬೊಡ್ಡೆ ಬೇಗ ಕಾಯುತ್ತವೆ, ನಡುವೆ ಒಂದು ಹಂತದಲ್ಲಿ ಹಿನ್ನೆಲೆಯ ಉಷ್ಣತೆಯೂ ಪ್ರಾಣಿಯ ಮೈಯ ಉಷ್ಣತೆಯೂ ಸಮವಾಗಿ, ಕಣ್ಣೆದುರಿಗಿರುವ ಪ್ರಾಣಿಯೂ ಚಿತ್ರದಲ್ಲಿ ಕರಗಿಹೋಗುತ್ತದೆ. ಸಂಜೆಯೂ ಇದೇ ಆಗುತ್ತದೆ. ಹಿಂದಿನ ದಿನ ಮೋಡ ಮುಚ್ಚಿದ್ದರೆ ಕಲ್ಲು ಅಷ್ಟಾಗಿ ಕಾದಿರುವುದಿಲ್ಲ, ಅಂಥ ಮರುದಿನ ಹೊತ್ತು ಸ್ವಲ್ಪ ಹಿಗ್ಗುತ್ತದೆ. ಮಳೆಗಾಲದ ಮಾತೇ ಬೇಡ. ಒದ್ದೆ ಎಲೆ, ಒದ್ದೆ ನೆಲ, ಒದ್ದೆ ಮೈ ಎಲ್ಲ ಒಂದೇ ಬೂದು ಬಣ್ಣವಾಗುತ್ತವೆ. ಪಯಸ್ವಿನಿ ಹೊಳೆಯ ಕಣಿವೆಯಲ್ಲಿ ಚಳಿಗಾಲದ ಮುಂಜಾನೆ ಏಳುವ ಕಾವಳವೂ (ದಟ್ಟ ಮಂಜು) ಶಾಖ ವಿಕಿರಣವನ್ನು ನುಂಗುತ್ತದೆ. ಕಣ್ಣಿಗೆ ಎದುರಿನ ಗುಡ್ಡೆ ಕಾಣದಷ್ಟು ಕಾವಳವಿದ್ದರೆ ಕ್ಯಾಮೆರಾಕ್ಕೂ ಕಾಣುವುದಿಲ್ಲ, ಆ ದಿನ ಮನೆಗೆ ಹೋಗುವುದೇ ಲೇಸು.

ಎತ್ತರದ ಲೆಕ್ಕ ಸರಳ. ಹಾರುವ ಎತ್ತರವನ್ನು ಸಂವೇದಕದ ಒಂದು ಬಿಂದುವಿನ ಅಳತೆಯಿಂದ ಗುಣಿಸಿ ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ನೆಲದ ಮೇಲೆ ಒಂದು ಪಿಕ್ಸೆಲ್ ಎಷ್ಟು ಅಗಲ ಎಂಬುದು ಸಿಗುತ್ತದೆ. 640×512 ಪಿಕ್ಸೆಲ್, 12 ಮೈಕ್ರೊಮೀಟರ್ ಬಿಂದು, 13.5 ಮಿಲಿಮೀಟರ್ ಲೆನ್ಸ್ ಇರುವ ಕ್ಯಾಮೆರಾ 100 ಮೀಟರ್ ಎತ್ತರದಲ್ಲಿದ್ದರೆ ಒಂದು ಪಿಕ್ಸೆಲ್ ಸುಮಾರು 9 ಸೆಂಟಿಮೀಟರ್. ಒಂದು ಸಲಕ್ಕೆ ಕಾಣುವ ಪಟ್ಟಿ 57 ಮೀಟರ್ ಅಗಲ. ಒಂದೂಕಾಲು ಮೀಟರ್ ಉದ್ದದ ಹಂದಿ ಉದ್ದಕ್ಕೆ 14 ಪಿಕ್ಸೆಲ್, ಅಡ್ಡಕ್ಕೆ ಐದಾರು ಪಿಕ್ಸೆಲ್ ಬರುತ್ತದೆ. ಏನೋ ಇದೆ ಎನ್ನಲು ಎರಡು ಪಿಕ್ಸೆಲ್ ಸಾಕು. ಹಂದಿಯೋ ನಾಯಿಯೋ ಕಾಡುಕುರಿಯೋ ಎಂದು ಹೇಳಲು ಅಡ್ಡಳತೆಯಲ್ಲೂ ಏಳೆಂಟು ಪಿಕ್ಸೆಲ್ ಬೇಕು. ಹಾಗಾಗಿ ಹಂದಿಯ ವಿಷಯದಲ್ಲಿ 100 ಮೀಟರೇ ಹೆಚ್ಚು, 70 ಮೀಟರಿಗೆ ಇಳಿಯಬೇಕು. ಆನೆಗೆ 120 ಮೀಟರ್ ಎತ್ತರವೂ ಸಾಲುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ ಮುಂಗಡ ಅನುಮತಿಯಿಲ್ಲದೆ ಹಾರಬಹುದಾದ ಮಿತಿಯೂ ಅದೇ, 400 ಅಡಿ. 320×256 ಪಿಕ್ಸೆಲಿನ ಅಗ್ಗದ ಕ್ಯಾಮೆರಾ ಸಾಕು ಎಂದು ಲೆಕ್ಕಪತ್ರ ವಿಭಾಗ ಹೇಳೀತು. ಅದೇ ವಿವರ ಬೇಕೆಂದರೆ ಅದರ ಪಟ್ಟಿಯ ಅಗಲ ಅರ್ಧಕ್ಕಿಳಿಯುತ್ತದೆ, ಹಾರಾಟ ಎರಡು ಪಟ್ಟಾಗುತ್ತದೆ. ಕ್ಯಾಮೆರಾದಲ್ಲಿ ಉಳಿಸಿದ ಹಣ ಬ್ಯಾಟರಿ, ಸಂಬಳಕ್ಕೆ ಹೋಗುತ್ತದೆ.

ಇಲ್ಲೊಂದು ದೊಡ್ಡ ಎಡವಟ್ಟು ಕಾದಿದೆ. ಸಾಮಾನ್ಯ ಸಿದ್ಧತೆಯಲ್ಲಿ ಡ್ರೋನ್ ಎತ್ತರವನ್ನು ಲೆಕ್ಕ ಹಾಕುವುದು ಮೇಲೆದ್ದ ಜಾಗದಿಂದ. ಬೈಲಿನಿಂದ ಬಿಟ್ಟು 100 ಮೀಟರ್ ಎಂದು ಹೇಳಿದರೆ, 60 ಮೀಟರ್ ಎತ್ತರದ ಗುಡ್ಡೆಯ ನೆತ್ತಿಯ ಮೇಲೆ ಉಳಿಯುವುದು 40 ಮೀಟರ್ ಮಾತ್ರ. ಅಲ್ಲಿನ ಮರದ ತುದಿಗೆ ಇನ್ನೂ ಕಡಿಮೆ. ಡ್ರೋನ್ ಹೋದರೆ ಹೋಯಿತು, ಪಟ್ಟಿಯ ಅಗಲವೂ 57ರಿಂದ 23 ಮೀಟರಿಗೆ ಕುಗ್ಗಿ ಸಾಲುಗಳ ನಡುವೆ ನೋಡದ ಜಾಗ ಉಳಿಯುತ್ತದೆ, ಅದು ಯಾರ ಗಮನಕ್ಕೂ ಬರುವುದಿಲ್ಲ. ನೆಲದ ಏರಿಳಿತಕ್ಕೆ ತಕ್ಕಂತೆ ಹಾರುವ ಸೌಲಭ್ಯ, ಅದಕ್ಕೆ ಬೇಕಾದ ಎತ್ತರದ ನಕ್ಷೆ ಎರಡನ್ನೂ ಟೆಂಡರಿನಲ್ಲಿ ಕಡ್ಡಾಯ ಮಾಡಿ. ಕಾಸರಗೋಡಿನಲ್ಲಿ ಸಪಾಟು ಜಾಗವೆಂದರೆ ಕರಾವಳಿ ಮತ್ತು ಪದವು, ಆನೆ ಬರುವುದು ಇವೆರಡಕ್ಕೂ ಅಲ್ಲ.

ವಿಸ್ತಾರದ ಲೆಕ್ಕವನ್ನೂ ಮೊದಲೇ ಹೇಳಿಬಿಡುತ್ತೇವೆ. ಪಕ್ಕಪಕ್ಕದ ಪಟ್ಟಿಗಳು ಶೇ. 20ರಷ್ಟು ಒಂದರ ಮೇಲೊಂದು ಬರಬೇಕು, ಆಗ 57 ಮೀಟರಿನಲ್ಲಿ ಉಪಯೋಗಕ್ಕೆ ಬರುವುದು 45 ಮೀಟರ್. ವೇಗ ಸೆಕೆಂಡಿಗೆ 6 ಮೀಟರ್ ಇರಲಿ. ಇದಕ್ಕಿಂತ ತುಂಬ ಹೆಚ್ಚಾದರೆ ಈ ಬಗೆಯ ಸಂವೇದಕ ನಿಧಾನವಾಗಿ ಪ್ರತಿಕ್ರಿಯಿಸುವುದರಿಂದ ಸಣ್ಣ ಪ್ರಾಣಿಗಳು ಬಾಲ ಎಳೆದಂತೆ ಮಸುಕಾಗುತ್ತವೆ. ಬ್ಯಾಟರಿ 40 ನಿಮಿಷ ಎಂದು ಬರೆದಿದ್ದರೆ ಹಿಂತಿರುಗುವ ದಾರಿ, ಗಾಳಿ, ಉಳಿಕೆ ಕಳೆದು ಕೈಗೆ ಸಿಗುವುದು 25 ನಿಮಿಷ. ಅಷ್ಟರಲ್ಲಿ ನೋಡಿ ಮುಗಿಯುವುದು 40 ಹೆಕ್ಟೇರ್, ತಿರುವುಗಳಲ್ಲಿ ಹೋಗುವ ಸಮಯ ಕಳೆದರೆ 35. ಮುಂಜಾನೆಯ ಎರಡೂವರೆ ಗಂಟೆಗೆ ಐದು ಹಾರಾಟ ಎಂದುಕೊಂಡರೂ ದಿನಕ್ಕೆ ಎರಡು ಚದರ ಕಿಲೋಮೀಟರ್ ದಾಟುವುದಿಲ್ಲ. ಹತ್ತು ಚದರ ಕಿಲೋಮೀಟರಿಗೆ ಐದಾರು ಮುಂಜಾವು ಬೇಕು, ಅಷ್ಟರಲ್ಲಿ ಮೊದಲ ದಿನ ಕಂಡ ಹಿಂಡು ಐದನೇ ದಿನದ ಜಾಗಕ್ಕೆ ನಡೆದು ಬಂದಿರುತ್ತದೆ. ಹಾಗಾಗಿ ಇಡೀ ಪ್ರದೇಶವನ್ನು ಗುಡಿಸಿ ಎಣಿಸುವ ಯೋಚನೆ ಬಿಟ್ಟು, ಚೀಟಿ ಎತ್ತಿ ಆರಿಸಿದ ಪಟ್ಟಿಗಳಲ್ಲಿ ಮಾತ್ರ ಹಾರಿ, ಅದರಿಂದ ಅಂದಾಜು ಕಟ್ಟುವುದೇ ಸರಿ. ಎಲ್ಲಿ ಆನೆ ಇದೆಯೆಂದು ಗೊತ್ತಿದೆಯೋ ಅಲ್ಲೇ ಹಾರಿಸಿ ಬಂದ ಸಂಖ್ಯೆಯನ್ನು ಇಡೀ ಅರಣ್ಯ ರೇಂಜಿಗೆ ಗುಣಿಸುವುದು ಎಲ್ಲರಿಗೂ ಬರುವ ಆಸೆ, ಹೆಚ್ಚು ಕೆಡಿಸುವುದೂ ಅದೇ.

ಚಿತ್ರದಲ್ಲಿ ಮೋಸ ಮಾಡುವ ವಸ್ತುಗಳು ಊರೂರಿಗೆ ಬೇರೆ. ನಮ್ಮಲ್ಲಿ ಮೊದಲ ಸ್ಥಾನ ಸುಡುಮಣ್ಣಿಗೆ. ತೋಟದ ಬದಿಯಲ್ಲಿ ಸೊಪ್ಪುಕಸ ಒಟ್ಟಿ ಮಣ್ಣು ಮುಚ್ಚಿ ಬೆಂಕಿ ಕೊಟ್ಟ ರಾಶಿ ದಿನಗಟ್ಟಲೆ ಒಳಗೊಳಗೇ ಉರಿಯುತ್ತದೆ. ಅದು ಚೌಕಟ್ಟಿನೊಳಗೆ ಬಂತೆಂದರೆ ಕ್ಯಾಮೆರಾ ತನ್ನಷ್ಟಕ್ಕೆ ಬೆಳಕು-ಕತ್ತಲೆಯ ಹರವನ್ನು ಆ ರಾಶಿಗೆ ಹೊಂದಿಸಿಕೊಳ್ಳುತ್ತದೆ. 150 ಡಿಗ್ರಿಯ ರಾಶಿಯ ಮುಂದೆ 30 ಡಿಗ್ರಿಯ ಹಂದಿಗೂ 21 ಡಿಗ್ರಿಯ ನೆಲಕ್ಕೂ ವ್ಯತ್ಯಾಸವೇ ಉಳಿಯದೆ ಎರಡೂ ಕಪ್ಪಾಗುತ್ತವೆ. ಪರದೆಯ ಮೇಲೆ ನೋಡುತ್ತ ಕುಳಿತವರಿಗೆ ಅಲ್ಲಿ ಏನೂ ಇಲ್ಲವೆಂದೇ ತೋರುತ್ತದೆ. ಇದಕ್ಕೆ ಪರಿಹಾರವಿದೆ: ಬಣ್ಣ ತುಂಬಿದ ವಿಡಿಯೊ ಮಾತ್ರವಲ್ಲದೆ ಪ್ರತಿ ಪಿಕ್ಸೆಲಿನ ಮೂಲ ಉಷ್ಣತೆಯನ್ನು ಉಳಿಸುವ ಕಡತವನ್ನೂ ದಾಖಲಿಸಬೇಕು, ಆಮೇಲೆ ಕಚೇರಿಯಲ್ಲಿ 15ರಿಂದ 40 ಡಿಗ್ರಿಯ ನಡುವಿನದನ್ನಷ್ಟೇ ಹಿಗ್ಗಿಸಿ ನೋಡಬೇಕು. ಬಣ್ಣಬಣ್ಣದ ಚಿತ್ರ ಬೇಡ. ಬಿಸಿ ಬಿಳಿ, ತಂಪು ಕಪ್ಪು, ಅಷ್ಟೇ ಇರಲಿ. ನೇರಳೆ-ಕೇಸರಿ ಚಿತ್ರ ಪತ್ರಿಕೆಗೆ ಚೆಂದ, ಎಣಿಕೆಗೆ ಉಪದ್ರ.

ಉಳಿದವನ್ನು ಬೇಗ ಹೇಳುತ್ತೇವೆ. ಪಳ್ಳ, ಮದಕದಂಥ ಕೆರೆಗಳು, ನೀರಿನ ಟಾಂಕಿ ಮುಂಜಾನೆ ನೆಲಕ್ಕಿಂತ ಬೆಚ್ಚಗೆ ಕಾಣುತ್ತವೆ. ತಗಡಿನ ಮಾಡು ತಣ್ಣನೆಯ ಆಕಾಶವನ್ನು ಪ್ರತಿಫಲಿಸಿ ಕಪ್ಪು ಗುಂಡಿಯಂತೆ ತೋರುತ್ತದೆ. ಕ್ಯಾಮೆರಾವನ್ನು ಓರೆಯಾಗಿ ತಿರುಗಿಸಿದರೆ ನೀರಿಗಾಗಿ ಗುಡ್ಡೆಯ ಬದಿಗೆ ಅಡ್ಡಕ್ಕೆ ಕೊರೆದ ಸುರಂಗದ ಬಾಯಿ ಕೂಡ ಬೆಚ್ಚಗಿನ ಪ್ರಾಣಿಯಂತೆ ಕಾಣಬಹುದು, ಒಳಗಿನ ಮಣ್ಣು ವರ್ಷವಿಡೀ ಒಂದೇ ಉಷ್ಣತೆಯಲ್ಲಿರುತ್ತದಲ್ಲ. ಕ್ಯಾಮೆರಾ ಆಗಾಗ ತನ್ನ ಶಟರ್ ಮುಚ್ಚಿ ತನ್ನನ್ನೇ ಸರಿಪಡಿಸಿಕೊಳ್ಳುತ್ತದೆ, ಆಗ ಚಿತ್ರ ಕ್ಷಣಕಾಲ ನಿಲ್ಲುತ್ತದೆ, ಅದು ದೋಷವಲ್ಲ. ಹಾರುವ ಮೊದಲು ಹದಿನೈದು ಇಪ್ಪತ್ತು ನಿಮಿಷ ಕ್ಯಾಮೆರಾ ಚಾಲೂ ಇಟ್ಟರೆ ಈ ನಿಲುಗಡೆ ಕಡಿಮೆಯಾಗುತ್ತದೆ. ಎಸಿ ಹಾಕಿದ ಜೀಪಿನಿಂದ ನೇರ ಹೊರತೆಗೆದರೆ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ, ಆ ಇಬ್ಬನಿಯನ್ನು ಕತ್ತಲಲ್ಲಿ ಯಾರೂ ಗಮನಿಸುವುದಿಲ್ಲ.

ಪ್ರಾಣಿಗಳೂ ಒಂದೊಂದು ಒಂದೊಂದು ಥರ. ಆನೆ ಕಿವಿಯ ರಕ್ತನಾಳಗಳನ್ನು ಹಿಗ್ಗಿಸಿ ಕುಗ್ಗಿಸಿ ಮೈಯ ಬಿಸಿಯನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಅದೇ ಆನೆಯ ಕಿವಿ ಸೆಕೆಯಲ್ಲಿ ಬೆಳ್ಳಗೂ ಚಳಿಯಲ್ಲಿ ಕಪ್ಪಗೂ ಕಾಣಬಹುದು. ಕಿವಿ ನೋಡಿ ಆನೆಯೆಂದು ಗುರುತಿಸಲು ಕಲಿಸಿದ ಸಾಫ್ಟ್‌ವೇರ್ ಇಲ್ಲಿ ಎಡವುತ್ತದೆ. ಮರಿ ತಾಯಿಯ ಹೊಟ್ಟೆಯಡಿ ನಿಂತರೆ ಮೇಲಿನಿಂದ ಕಾಣದು. ಕೆಸರಿನಲ್ಲಿ ಹೊರಳಿ ಬಂದ ಹಂದಿ ಒದ್ದೆ ಮಣ್ಣಿನ ಉಷ್ಣತೆಯನ್ನೇ ತೋರಿಸುತ್ತದೆ, ಮೂತಿ ಮತ್ತು ಕಾಲುಗಳಷ್ಟೇ ಹೊಳೆಯುತ್ತವೆ. ಮರಿಗಳೊಂದಿಗೆ ಒತ್ತಿಕೊಂಡು ಮಲಗಿದ ಹೆಣ್ಣುಹಂದಿ ಒಂದೇ ಬಿಳಿ ಮುದ್ದೆ. ಕಾಟಿಯನ್ನು ಕಟ್ಟಿದ ಎಮ್ಮೆಯಿಂದ ಬೇರೆ ಮಾಡಲು ಚಿತ್ರ ಸಾಲದು, ಆ ಜಾಗ ಯಾರದೆಂದು ಗೊತ್ತಿರಬೇಕು. ಅದಕ್ಕೇ ಪ್ರತಿ ತಂಡದಲ್ಲಿ ಆ ವಾರ್ಡಿನ ಒಬ್ಬರು ಇರಬೇಕೆಂದು ಕೇಳುತ್ತಿದ್ದೇವೆ. ಯಾರ ಹಟ್ಟಿ ಎಲ್ಲಿದೆ, ಯಾವ ನಾಯಿ ಎಲ್ಲಿ ಮಲಗುತ್ತದೆ ಎಂಬುದು ಯಾವ ನಕ್ಷೆಯಲ್ಲೂ ಇಲ್ಲ.

ಈಗ ಮುಖ್ಯ ಕೋರಿಕೆ. ಎಣಿಕೆಗೆ ಮೊದಲು ಒಂದು ಪರೀಕ್ಷೆ ನಡೆಸಿ. ಒಪ್ಪಿಗೆ ಕೊಟ್ಟವರ ದನಗಳನ್ನು ಅಡಿಕೆ, ರಬ್ಬರ್, ಗೇರು, ಬೈಲು ಹೀಗೆ ನಾಲ್ಕು ಬಗೆಯ ಜಾಗಗಳಲ್ಲಿ ತಲಾ 20ರಂತೆ ಕಟ್ಟಿ. ನಮ್ಮ ಕಾಸರಗೋಡು ಗಿಡ್ಡ ತಳಿ ಮೈಯಳತೆಯಲ್ಲಿ ದೊಡ್ಡ ಹಂದಿಗೆ ಹತ್ತಿರ, ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಎಲ್ಲಿ ಎಷ್ಟು ಕಟ್ಟಿದೆ ಎಂಬುದು ಡ್ರೋನ್ ಹಾರಿಸುವವರಿಗೂ ವಿಡಿಯೊ ನೋಡುವವರಿಗೂ ಗೊತ್ತಿರಬಾರದು. 20ರಲ್ಲಿ 7 ಕಂಡರೆ ಆ ಬಗೆಯ ಜಾಗದಲ್ಲಿ ಕಾಣುವ ಸಾಧ್ಯತೆ ಶೇ. 35. ಮುಂದೆ ಅಲ್ಲಿ 14 ಹಂದಿ ಕಂಡರೆ ಇರುವುದು 40 ಎಂದು ಅಂದಾಜು. ಅಲ್ಲಿಗೇ ನಿಲ್ಲುವ ಹಾಗಿಲ್ಲ. 20 ದನಗಳ ಸಣ್ಣ ಪರೀಕ್ಷೆಯಲ್ಲಿ ಶೇ. 35 ಎಂದು ಬಂದದ್ದು ನಿಜವಾಗಿ ಶೇ. 18 ಇರಬಹುದು, ಶೇ. 57 ಇರಬಹುದು. ಆಗ 40 ಎಂಬುದು 25ರಿಂದ 78ರವರೆಗಿನ ಯಾವುದೂ ಆಗಬಹುದು. ವರದಿಯಲ್ಲಿ ಈ ಎರಡು ತುದಿಗಳನ್ನೂ ಅಚ್ಚು ಹಾಕಿಸಿ. ನಡುವಿನ ಒಂದೇ ಸಂಖ್ಯೆ ಬೇಡ. ಕಟ್ಟಿದ ದನ ಓಡುವುದಿಲ್ಲ, ಪೊದೆಯಲ್ಲಿ ಅಡಗುವುದಿಲ್ಲ, ಹಾಗಾಗಿ ಹಂದಿ ಕಾಣುವ ಸಾಧ್ಯತೆ ಇದಕ್ಕಿಂತ ಕಡಿಮೆಯೇ ಎಂದೂ ಒಂದು ಸಾಲು ಸೇರಿಸಿ.

ವಿಡಿಯೊವನ್ನು ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕುಳಿತು ನೋಡಲಿ. ಒಬ್ಬರಿಗೆ 18, ಇನ್ನೊಬ್ಬರಿಗೆ 15 ಕಂಡು, ಇಬ್ಬರಿಗೂ ಕಂಡದ್ದು 12 ಆದರೆ ಚಿತ್ರದಲ್ಲಿ ಇದ್ದದ್ದು 18 ಅಲ್ಲ, 22ರ ಸುಮಾರು (18ನ್ನು 15ರಿಂದ ಗುಣಿಸಿ 12ರಿಂದ ಭಾಗಿಸಿದ್ದು). ಇದು ಕಣ್ಣು ತಪ್ಪಿಸಿಕೊಂಡವುಗಳ ಲೆಕ್ಕ ಮಾತ್ರ, ಎಲೆಯಡಿ ಇದ್ದವುಗಳದ್ದಲ್ಲ. ಎರಡು ತಿದ್ದುಪಡಿಗಳನ್ನೂ ಬೇರೆ ಬೇರೆ ತೋರಿಸಬೇಕು.

ಇಷ್ಟೊಂದು ಹಠವೇಕೆಂದರೆ ಸಂಖ್ಯೆಗಳಿಗೆ ನಮ್ಮಲ್ಲಿ ಕೆಲಸವಿದೆ. 2023ರಲ್ಲಿ ಕೇರಳದ ಕಾಡಾನೆಗಳ ಅಂದಾಜು ನೇರ ನೋಟದ ಬ್ಲಾಕ್ ಎಣಿಕೆಯಲ್ಲಿ (ಕಾಡನ್ನು ಭಾಗಗಳಾಗಿ ಹಂಚಿ ಕಂಡ ಆನೆಗಳನ್ನು ಎಣಿಸುವುದು) 1,920 ಬಂತು, ಲದ್ದಿ ಎಣಿಕೆಯಲ್ಲಿ 2,386. ಒಂದೇ ರಾಜ್ಯ, ಒಂದೇ ವರ್ಷ, ಎರಡು ವಿಧಾನ, 466 ಆನೆಗಳ ಅಂತರ. ಯಾರೂ ತಪ್ಪು ಮಾಡಿದ್ದಲ್ಲ, ವಿಧಾನಗಳು ಬೇರೆ. ನಾಳೆ ಡ್ರೋನಿನಿಂದ ಮೂರನೆಯ ಸಂಖ್ಯೆ ಬಂದಾಗ ಅದನ್ನು ಹಳೆಯದರ ಪಕ್ಕದಲ್ಲಿಟ್ಟು ಆನೆ ಹೆಚ್ಚಿತು, ಕಡಿಮೆಯಾಯಿತು ಎನ್ನುವಂತಿಲ್ಲ. ಹಂದಿಯ ವಿಷಯ ಇನ್ನೂ ಸೂಕ್ಷ್ಮ. 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಬೆಳೆ ಹಾಳುಮಾಡುವ ಹಂದಿಗಳನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಪಂಚಾಯತಿನ ಮೇಜಿನ ಮೇಲೆ ಬರುವ ಸಂಖ್ಯೆ ಎಷ್ಟು ಬಂದೂಕು ಹೊರಡಬೇಕೆಂಬುದನ್ನು ತೀರ್ಮಾನಿಸಬಹುದು. ಕಡಿಮೆ ಬಂದರೆ ರೈತನ ದೂರು ಸುಳ್ಳೆಂದಾಗುತ್ತದೆ. ಹೆಚ್ಚು ಬಂದರೆ ಕಾಡಿಗೆ ಕುತ್ತು. ಮೊದಲ ಎರಡು ವರ್ಷ ಡ್ರೋನಿನ ಸಂಖ್ಯೆಯನ್ನು ಪರಿಹಾರಕ್ಕಾಗಲಿ ಕೊಲ್ಲುವ ಆದೇಶಕ್ಕಾಗಲಿ ಆಧಾರ ಮಾಡಬಾರದು.

ಹುಡುಕುವ ಕೆಲಸಕ್ಕಾದರೆ ಇಷ್ಟೆಲ್ಲ ಬೇಡ, ಅಲ್ಲಿ ಡ್ರೋನ್ ನಾಳೆಯೇ ಉಪಯೋಗಕ್ಕೆ ಬರುತ್ತದೆ. ಕಾರಡ್ಕ ಬ್ಲಾಕಿನ ತೂಗು ಸೌರ ಬೇಲಿಯ ಉದ್ದಕ್ಕೂ ಮುಂಜಾನೆ ಒಂದು ಸಲ ಹಾರಿ ಬಂದರೆ ಆನೆ ಬೇಲಿಯ ಯಾವ ಮಗ್ಗುಲಲ್ಲಿದೆ, ಯಾವುದಾದರೂ ಒಳಗೆ ಸಿಕ್ಕಿಬಿದ್ದಿದೆಯೇ ಎಂದು ತಿಳಿಯುತ್ತದೆ. ಓಡಿಸುವ ತಂಡ ಕತ್ತಲಲ್ಲಿ ಆನೆಗೆ ಎದುರಾಗುವ ಅಪಾಯವೂ ತಪ್ಪುತ್ತದೆ. ಆದರೆ ಕೆಳಗಿಳಿಯಬಾರದು. ತಾಂಜಾನಿಯಾದಲ್ಲಿ ಹೊಲಕ್ಕೆ ಬಂದ ಆನೆಗಳನ್ನು ಅಟ್ಟಲೆಂದೇ ಡ್ರೋನ್ ಬಳಸಿದ್ದಾರೆ, ಆ ಸದ್ದಿಗೆ ಅವು ಓಡುತ್ತವೆ. ಆನೆ ಯಾವ ದಿಕ್ಕಿಗೆ ಓಡೀತೆಂದು ಲೆಕ್ಕ ಹಾಕದೆ 40 ಮೀಟರಿಗೆ ಇಳಿಸಿದ ಡ್ರೋನ್, ಕಾಡಿನ ಅಂಚಿನಲ್ಲಿದ್ದ ಹಿಂಡನ್ನು ಮನೆಗಳ ಕಡೆಗೆ ತಿರುಗಿಸಬಹುದು. ಸಮೀಕ್ಷೆಯ ಹೊತ್ತಿನಲ್ಲಿ ಆನೆಯ ಮೇಲೆ 100 ಮೀಟರ್ ಕಾಯ್ದುಕೊಳ್ಳಿ, ಒಂದೇ ಕಡೆ ತೇಲುತ್ತ ನಿಲ್ಲಬೇಡಿ. ಸೊಂಡಿಲು ಎತ್ತಿ ಕಿವಿ ಅಗಲಿಸಿ ನಿಂತರೆ ಆ ಸಾಲು ಬಿಟ್ಟು ಹೊರಡಿ.

ಈ ಜಿಲ್ಲೆಯಲ್ಲಿ ಆಕಾಶದ ಸದ್ದಿಗೆ ಬೇರೆಯೇ ಅರ್ಥವಿದೆ ಎಂಬುದನ್ನು ಹೊರಗಿನಿಂದ ಬರುವ ತಂಡಗಳಿಗೆ ತಿಳಿಸಿ ಹೇಳಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು, ಇವೆಲ್ಲ ಆ ವಿಷದಿಂದ ಪೀಡಿತವಾದವುಗಳ ಪಟ್ಟಿಯಲ್ಲಿ ಇರುವ ಪಂಚಾಯತುಗಳೇ. ಆನೆ ಎಣಿಸಬೇಕಾದ ನೆಲವೂ ಬಹುಮಟ್ಟಿಗೆ ಅದೇ. ಕತ್ತಲಲ್ಲಿ ತಲೆಯ ಮೇಲೆ ಗುಂಯ್‌ಗುಟ್ಟುವ ಯಂತ್ರ ಏನೆಂದು ತಿಳಿಯುವ ಹಕ್ಕು ಆ ಮನೆಗಳಿಗಿದೆ. ಮೂರು ದಿನ ಮೊದಲೇ ಕನ್ನಡ, ಮಲಯಾಳ ಎರಡರಲ್ಲೂ ನೋಟಿಸು ಅಂಟಿಸಿ, ತುಳುವಿನಲ್ಲಿ ಮೈಕಿನಲ್ಲಿ ಹೇಳಿಸಿ. ಗಡಿ ಪಂಚಾಯತುಗಳಿಗೂ ಮಲಯಾಳದ ನೋಟಿಸು ಮಾತ್ರ ಕಳಿಸಿ ಕೈತೊಳೆದುಕೊಳ್ಳಬೇಡಿ. ನಾಲ್ಕು ಗಂಟೆಗೆ ರಬ್ಬರ್ ಟ್ಯಾಪಿಂಗಿಗೆ ಹೊರಟವರೂ, ಅಂಗಳಕ್ಕೆ ಬಂದ ಹೆಂಗಸರೂ ಆ ಚಿತ್ರದಲ್ಲಿ ಬರುತ್ತಾರೆ. ಮನೆಗಳಿಂದ 50 ಮೀಟರ್ ಒಳಗಿನ ದೃಶ್ಯಗಳನ್ನು ಎಣಿಕೆ ಮುಗಿದ ಕೂಡಲೇ ಅಳಿಸುವ ಲಿಖಿತ ನಿಯಮ ಬೇಕು. ಕೋಲ, ತೆಯ್ಯಂ ಇರುವ ರಾತ್ರಿ ಆ ಸುತ್ತಿನಲ್ಲಿ ಹಾರಾಟ ಬೇಡ. ಕೆಂಡ, ಬೆಡಿ (ಸಿಡಿಮದ್ದು), ಜನ ಇಷ್ಟಿದ್ದ ಮೇಲೆ ಪ್ರಾಣಿಯೂ ಅತ್ತ ಬರುವುದಿಲ್ಲ.

ಆನೆಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ, ಇಲಾಖೆಗಳಿಗೆ ಅದನ್ನು ಬಿಟ್ಟರೆ ಬೇರೆ ಗೊತ್ತಿಲ್ಲ. ದೇಲಂಪಾಡಿಯಲ್ಲಿ ಕಾಣುವ ಹಿಂಡು ಸುಳ್ಯದ ಮಂಡೆಕೋಲಿನ ಕಡೆಯಲ್ಲೂ ಕಾಣುತ್ತದೆ. ಕೇರಳದ ತಂಡ ಸೋಮವಾರ, ಕರ್ನಾಟಕದ್ದು ಗುರುವಾರ ಎಣಿಸಿದರೆ ಅದೇ ಆನೆ ಎರಡು ಕಡತದಲ್ಲೂ ಸೇರಬಹುದು, ಒಂದರಲ್ಲೂ ಸೇರದೆಯೂ ಹೋಗಬಹುದು. ಗಡಿಯ ಎರಡೂ ಬದಿಯ ಅಧಿಕಾರಿಗಳು ಒಂದೇ ಮುಂಜಾನೆ, ಒಂದೇ ಎತ್ತರ, ಒಂದೇ ನಮೂನೆಯಲ್ಲಿ ಹಾರಿಸಲು ಒಪ್ಪುವವರೆಗೆ ಗಡಿಭಾಗದ ಆನೆಗಳ ಬಗ್ಗೆ ಸಂಖ್ಯೆ ಪ್ರಕಟಿಸಬೇಡಿ. ಪ್ರಾಣಿ ಕಂಡ ನಿಖರ ಜಾಗವನ್ನು ಅದೇ ದಿನ ವಾಟ್ಸಾಪಿನಲ್ಲಿ ಹಂಚುವುದೂ ಬೇಡ. ನೋಡಲು ಬರುವ ಗುಂಪು ಒಂದು ಕಡೆ, ಉರುಳು ಇಡುವವರು ಇನ್ನೊಂದು ಕಡೆ. ವಾರ್ಡಿನವರಿಗೆ ಎಚ್ಚರಿಕೆ ಕೊಡಲು ಯಾವ ಬೈಲು ಎಂದಷ್ಟೇ ಹೇಳಿದರೆ ಸಾಕು.

ಕೊಳ್ಳುವ ವಿಷಯದಲ್ಲಿ ಎರಡೇ ಮಾತು. ಸಿದ್ಧ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಷೇಧಿಸಿದೆ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿಯಿದೆ. ಯೂಟ್ಯೂಬಿನಲ್ಲಿ ನೋಡಿದ ಮಾದರಿಯ ಹೆಸರು ಬರೆದು ಟೆಂಡರ್ ಕರೆದರೆ ಕಡತ ಅಲ್ಲಿಗೇ ನಿಲ್ಲುತ್ತದೆ. ಮಾದರಿಯ ಹೆಸರು ಬಿಟ್ಟು ಬಿಂದುಗಳ ಸಂಖ್ಯೆ, ನಾಭಿದೂರ, ಮೂಲ ಉಷ್ಣತೆಯ ಕಡತ, ನೆಲದ ಏರಿಳಿತ ಹಿಡಿದು ಹಾರುವ ಸೌಲಭ್ಯ, ಆರು ಬ್ಯಾಟರಿ, ಇಷ್ಟನ್ನು ಬರೆಯಿರಿ. ಮತ್ತು ಯಂತ್ರಕ್ಕೆ ಇಟ್ಟಷ್ಟೇ ಹಣವನ್ನು ವಿಡಿಯೊ ನೋಡುವವರ ಸಂಬಳಕ್ಕೆ ಇಡಿ. ಎರಡೂವರೆ ಗಂಟೆಯ ಚಿತ್ರೀಕರಣವನ್ನು ಇಬ್ಬರು ನಿಲ್ಲಿಸಿ ನಿಲ್ಲಿಸಿ ನೋಡಲು ಇಡೀ ದಿನ ಬೇಕು. ಈ ಸಾಲು ಬಜೆಟ್ಟಿನಲ್ಲಿ ಇಲ್ಲದ ಕಡೆ ಹಾರ್ಡ್ ಡಿಸ್ಕ್ ಕಪಾಟಿನಲ್ಲಿ ಕೂರುತ್ತದೆ.

ರಬ್ಬರ್ ಎಲೆ ಉದುರುವ ಕಾಲಕ್ಕೆ ತಂಡ ಹೊಲದಲ್ಲಿ ಇರಬೇಕಾದರೆ ಟೆಂಡರ್ ಸೆಪ್ಟೆಂಬರಿನಲ್ಲಿ ಹೊರಬೀಳಬೇಕು, ದನಗಳ ಪರೀಕ್ಷೆ ಡಿಸೆಂಬರ್ ಮೊದಲ ಪಕ್ಷದಲ್ಲಿ ಮುಗಿಯಬೇಕು, ಪಟ್ಟಿಗಳ ಹಾರಾಟ ಜನವರಿಯಲ್ಲಿ ನಡೆಯಬೇಕು. ಆ ವಾರಗಳಲ್ಲಿ ಸುಡುಮಣ್ಣು ಹಾಕುವವರು ಹಾರಾಟದ ಮುಂಚಿನ ಮೂರು ದಿನ ಬೆಂಕಿ ಕೊಡದಂತೆ ಕೃಷಿಭವನಗಳ ಮೂಲಕ ತಿಳಿಸಿದರೆ ನಾವೂ ನಮ್ಮ ನಮ್ಮ ವಾರ್ಡುಗಳಲ್ಲಿ ಮನೆಮನೆಗೆ ಹೋಗಿ ಹೇಳುತ್ತೇವೆ. ದನಗಳನ್ನು ಒದಗಿಸುವ ಹೊಣೆಯೂ ನಮ್ಮದೇ ಇರಲಿ.

ಇತಿ,
ಕಾರಡ್ಕ ಬ್ಲಾಕಿನ ಕಾಡಂಚಿನ ಕೃಷಿಕರು ಹಾಗೂ ಡ್ರೋನ್ ಮತ್ತು ವನ್ಯಜೀವಿ ಗಣತಿಯ ಕೆಲಸ ಬಲ್ಲವರು